ಕಬ್ಬಿಣದ ನೀರು, ಅಜ್ರಖ್‌ನ ಊರು

ಅಳಲೆಕಾಯಿಯ ಪುಡಿ ಕದಡಿದ ನೀರಿಗೆ ತುಕ್ಕು ಹಿಡಿದ ಮೊಳೆಯೊಂದು ಬಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಆ ನೀರು ಕಪ್ಪಾಗತೊಡಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಬರೆಯುವ ಶಾಯಿ ಮಾಡಿಕೊಳ್ಳುತ್ತಿದ್ದುದು ಈ ಗುಣವನ್ನು ನೆಚ್ಚಿಯೇ. ಕಾಯಿಯಲ್ಲಿರುವ ಒಗರು ಸತ್ವ, ಅಂದರೆ ಟ್ಯಾನಿನ್, ಕಬ್ಬಿಣದ ಅಯಾನುಗಳನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಕಪ್ಪು ಸಂಯುಕ್ತವಾಗುತ್ತದೆ. ಗುಜರಾತಿನ ಕಛ್ ಸೀಮೆಯ ಖತ್ರಿ ಮನೆತನಗಳು ತಲೆಮಾರುಗಳಿಂದ ಅಚ್ಚೊತ್ತುತ್ತ ಬಂದಿರುವ ಅಜ್ರಖ್ ಎಂಬ ಬಟ್ಟೆಯ ಕಪ್ಪು ಗೆರೆಗಳು ಹುಟ್ಟುವುದೂ ಹೀಗೆ. 2001ರ ಭೂಕಂಪದ ನಂತರ ಆ ಮನೆತನಗಳಲ್ಲಿ ಹಲವು ತಮ್ಮ ಹಳೆಯ ಊರನ್ನು ಬಿಟ್ಟು ಹೊಸ ಊರೊಂದನ್ನು ಕಟ್ಟಿಕೊಳ್ಳಬೇಕಾಗಿ ಬಂದದ್ದಕ್ಕೆ ಮುಖ್ಯ ಕಾರಣವೂ ಕಬ್ಬಿಣವೇ. ಗೆರೆಯಲ್ಲಿ ನಿಂತಾಗ ಬಣ್ಣವಾಗುವ ಆ ಲೋಹ, ಬಾವಿಯ ನೀರಿನಲ್ಲಿ ಸೇರಿದಾಗ ಇಡೀ ಕಸುಬಿಗೆ ಕಂಟಕವಾಯಿತು.

ಕಲೆ ನೊಂದ ಸಮುದಾಯಕ್ಕೆ ಭರವಸೆ ತುಂಬುತ್ತದೆ ಎಂಬ ಮಾತು ಸಭೆ ಸಮಾರಂಭಗಳಲ್ಲಿ ಆಡಿ ಆಡಿ ಸವೆದಿದೆ. ಅದು ನಿಜವಿದ್ದರೂ ಇರಬಹುದು. ಆದರೆ ಯಾವ ಕಲೆ, ಯಾವ ಬಗೆಯಲ್ಲಿ, ಯಾರಿಗೆ ಎಂದು ಕೇಳಿದ ಕೂಡಲೇ ಉತ್ತರ ಮಸುಕಾಗುತ್ತದೆ. ಅಜ್ರಖ್‌ನ ಕಥೆಯಲ್ಲಿ ಆ ಮಾತನ್ನು ಒರೆಗೆ ಹಚ್ಚಿ ನೋಡಲು ಬರುತ್ತದೆ. ಊರೊಂದು ಕುಸಿದ ಮೇಲೆ ಜನ ಯಾವುದನ್ನು ಹಿಡಿದು ಎದ್ದು ನಿಂತರು ಎಂಬುದನ್ನು ಇಲ್ಲಿ ಹಂತಹಂತವಾಗಿ, ಬಹುಮಟ್ಟಿಗೆ ರಸಾಯನಶಾಸ್ತ್ರದ ಮಾತಿನಲ್ಲೇ ವಿವರಿಸಬಹುದು.

ಕಡುನೀಲಿ, ಮಂಜಿಷ್ಠದ ಕೆಂಪು, ಕಪ್ಪು ಮತ್ತು ಬಿಳಿ ಅಜ್ರಖ್‌ನ ಮೂಲ ಬಣ್ಣಗಳು. ವಿನ್ಯಾಸ ಪೂರ್ತಿಯಾಗಿ ಜ್ಯಾಮಿತೀಯ: ಚೌಕಗಳ ಜಾಲವೊಂದರ ಮೇಲೆ ನಕ್ಷತ್ರ, ವೃತ್ತ, ಹೂದಳಗಳು ಎತ್ತ ತಿರುಗಿಸಿದರೂ ಸಮನಾಗಿ ಕೂರುತ್ತವೆ. ಒಂದೇ ವಿನ್ಯಾಸಕ್ಕೆ ತೇಗದ ಮರದಲ್ಲಿ ಕೊರೆದ ಹಲವು ಅಚ್ಚುಗಳು ಬೇಕು. ಹೊರಗೆರೆಗೆ ಒಂದು, ಒಳಗಿನ ಕಪ್ಪಿಗೆ ಮತ್ತೊಂದು, ಕೆಂಪಿನ ಜಾಗಕ್ಕೆ ಇನ್ನೊಂದು ಹೀಗೆ ಪ್ರತಿಯೊಂದೂ ಹಿಂದಿನದರ ಗುರುತಿಗೆ ಕೂದಲೆಳೆಯೂ ತಪ್ಪದಂತೆ ಕೂರಬೇಕು. ಇದನ್ನು ತೊಡುತ್ತಿದ್ದವರು ಅರಮನೆಯವರಲ್ಲ. ಕಛ್‌ನ ಹುಲ್ಲುಗಾವಲುಗಳಲ್ಲಿ ದನ, ಎಮ್ಮೆ, ಒಂಟೆಗಳನ್ನು ಕಾಯುವ ಮಾಲ್ಧಾರಿ ಗಂಡಸರು. ಮುಂಡಾಸು, ಸೊಂಟದ ಸುತ್ತು, ಹೆಗಲ ವಸ್ತ್ರ, ಮಗುವಿನ ತೊಟ್ಟಿಲು ಎಲ್ಲವೂ ಅದೇ. ಬಟ್ಟೆಯ ಎರಡು ಮುಖಕ್ಕೂ ಅಚ್ಚೊತ್ತುವ ಬಿಪುರಿ ಎಂಬ ಪದ್ಧತಿ ಬೆಳೆದದ್ದೂ ಇವರಿಂದಲೇ. ಬೆಳಕು ಹರಿಯುವ ಮುಂಚೆ ಎದ್ದು ಕತ್ತಲಲ್ಲಿ ಸುತ್ತಿಕೊಳ್ಳುವವನಿಗೆ ಒಳಮೈ ಹೊರಮೈ ಎಂಬ ಗೊಡವೆ ಬೇಡವಲ್ಲ!

ಈ ಕೌಶಲಕ್ಕೆ ದೊಡ್ಡ ವಯಸ್ಸಿದೆ. ಈಜಿಪ್ಟಿನ ಹಳೆಯ ಕೈರೋ ಭಾಗವಾದ ಫುಸ್ತಾತ್‌ನಲ್ಲಿ ಸಿಕ್ಕ ಮಧ್ಯಯುಗದ ಹತ್ತಿಬಟ್ಟೆಯ ತುಣುಕುಗಳಲ್ಲಿ ಅನೇಕವು ಗುಜರಾತಿನಿಂದ ಹಡಗೇರಿ ಹೋದವು. ಅವುಗಳಲ್ಲೂ ಇದೇ ನೀಲಿ ಮತ್ತು ಕೆಂಪು, ಬಣ್ಣ ಇಳಿಯಬಾರದ ಕಡೆ ಲೇಪ ಒತ್ತುವ ಇದೇ ತಡೆಲೇಪದ ತಂತ್ರ. ಕಛ್‌ನ ಖತ್ರಿಗಳ ಪರಂಪರೆಯ ಪ್ರಕಾರ ಅವರ ಹಿರಿಯರು ಸುಮಾರು 400 ವರ್ಷಗಳ ಹಿಂದೆ ಅಲ್ಲಿನ ದೊರೆಯ ಕರೆಯ ಮೇರೆಗೆ ಸಿಂಧ್‌ನಿಂದ ಬಂದವರು. ಭುಜ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದ ಧಮಡ್ಕಾದಲ್ಲಿ ನೆಲೆಸಲು ಅವರು ಒಪ್ಪಿದ್ದು ಅಲ್ಲಿ ಹರಿಯುವ ನದಿಯಿತ್ತು ಎಂಬ ಕಾರಣಕ್ಕೆ. ಬಣ್ಣಗಾರರು ಊರು ಆರಿಸುವ ಮೊದಲು ನೀರು ನೋಡುತ್ತಾರೆ.

ನೀರು ಅಷ್ಟು ಮುಖ್ಯವಾಗುವುದು ಏಕೆಂದು ತಿಳಿಯಬೇಕಾದರೆ ಬಟ್ಟೆಯ ಜೊತೆಗೇ ಒಂದಷ್ಟು ದೂರ ಹೋಗಬೇಕು. ಗಿರಣಿಯಿಂದ ಬಂದ ಹತ್ತಿಬಟ್ಟೆಯಲ್ಲಿ ಗಂಜಿ, ಮೇಣ, ಜಿಡ್ಡು ಇರುತ್ತವೆ. ಅವು ಇದ್ದರೆ ಬಣ್ಣ ಒಳಗಿಳಿಯದು. ಆದ್ದರಿಂದ ಮೊದಲು ಹರಳೆಣ್ಣೆ, ಸೋಡಾ, ಒಂಟೆಯ ಲದ್ದಿ ಇವುಗಳಲ್ಲಿ ನೆನೆಹಾಕಿ, ಒಗೆದು, ಒಣಗಿಸಿ ನೂಲನ್ನು ಮೆತ್ತಗೆ ಮಾಡುತ್ತಾರೆ. ಅನಂತರ ಅಳಲೆಕಾಯಿಯ ಸ್ನಾನ. ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ಲೋಹದ ಲವಣಗಳು ಅದಕ್ಕೆ ತಾವಾಗಿ ಅಷ್ಟಾಗಿ ಅಂಟುವುದಿಲ್ಲ. ಟ್ಯಾನಿನ್ ಎಳೆಯನ್ನೂ ಹಿಡಿಯುತ್ತದೆ, ಲೋಹವನ್ನೂ ಹಿಡಿಯುತ್ತದೆ. ಈ ಹಂತ ಮುಗಿದಾಗ ಬಟ್ಟೆ ತಿಳಿಹಳದಿಯಾಗಿ ಕಾಣುತ್ತದೆ, ಅದರ ಮೈಯೆಲ್ಲ ಲೋಹಕ್ಕಾಗಿ ಕಾದಿರುತ್ತದೆ.

ಆಮೇಲೆ ಅಚ್ಚಿನ ಕೆಲಸ. ಬಿಳಿಯಾಗಿಯೇ ಉಳಿಯಬೇಕಾದ ಗೆರೆಗಳಿಗೆ ಸುಣ್ಣ ಮತ್ತು ಗೋಂದಿನ ಲೇಪವನ್ನು ಒತ್ತುತ್ತಾರೆ. ಮುಂದೆ ಬರುವ ಬಣ್ಣಗಳು ಅಲ್ಲಿಗೆ ಇಳಿಯದಂತೆ ಅದು ತಡೆಯುತ್ತದೆ. ಕಪ್ಪಿಗೆ ಬೇಕಾದ ಕಬ್ಬಿಣದ ರಸ ತಯಾರಾಗುವ ಬಗೆ ಸೊಗಸಾಗಿದೆ. ಗುಜರಿ ಕಬ್ಬಿಣದ ಚೂರುಗಳನ್ನು ಬೆಲ್ಲ ಮತ್ತು ಕಡಲೆಹಿಟ್ಟು ಕಲಸಿದ ನೀರಿನಲ್ಲಿ ಎರಡು ಮೂರು ವಾರ ಹುದುಗಲು ಬಿಡುತ್ತಾರೆ. ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲಗಳನ್ನು ಮಾಡುತ್ತವೆ, ಆಮ್ಲಗಳು ಕಬ್ಬಿಣವನ್ನು ನಿಧಾನವಾಗಿ ಕರಗಿಸುತ್ತವೆ. ಆ ರಸವನ್ನು ಹುಣಸೆಬೀಜದ ಪುಡಿಯೊಂದಿಗೆ ಕಾಯಿಸಿದರೆ ಅಚ್ಚಿಗೆ ಹತ್ತುವಷ್ಟು ಮಂದವಾಗುತ್ತದೆ. ನಮ್ಮ ಕಡೆ ಕುರುಬರು ಕಂಬಳಿಗೆ ಹಾಕುವ ಸರಿ, ಹಿಂದಿನ ಲೆಕ್ಕಿಗರು ಕಡತದ ಬಟ್ಟೆಗೆ ಬಳಿಯುತ್ತಿದ್ದ ಅಂಟು ಕೂಡ ಹುಣಸೆಬೀಜದ್ದೇ. ಕೆಂಪು ಬರಬೇಕಾದ ಜಾಗಕ್ಕೆ ಒತ್ತುವುದು ಪಟಿಕವನ್ನು. ಅದಕ್ಕೆ ತನ್ನದೇ ಬಣ್ಣವಿಲ್ಲ; ಅದರೊಳಗಿನ ಅಲ್ಯೂಮಿನಿಯಂ, ಮುಂದೆ ಬರಲಿರುವ ಬಣ್ಣವನ್ನು ಎಳೆಗೆ ಕಟ್ಟಿಹಾಕುವ ವರ್ಣಬಂಧಕ, ಅಂದರೆ ಮಾರ್ಡಂಟ್. ಅಚ್ಚೊತ್ತಿದವನಿಗೆ ತಾನು ಒತ್ತಿದ್ದು ಕೆಂಪು ಎಂದು ಗೊತ್ತು, ಆದರೆ ಬಟ್ಟೆಯ ಮೇಲೆ ಅದು ಇನ್ನೂ ಕಾಣುವುದಿಲ್ಲ.

ಈಗ ನೀಲಿ. ನೀಲಿಯ ಅಣು ನೀರಿನಲ್ಲಿ ಕರಗದು. ಆಮ್ಲಜನಕವಿಲ್ಲದ ಕ್ಷಾರದ ತೊಟ್ಟಿಯಲ್ಲಿ ಬೆಲ್ಲ, ತಗಚೆಬೀಜದಂಥವು ಹುದುಗಿದಾಗ ಆ ಅಣು ಅಪಕರ್ಷಣಗೊಂಡು ಹಳದಿಹಸಿರು ಛಾಯೆಯ, ಕರಗುವ ರೂಪಕ್ಕೆ ಬರುತ್ತದೆ. ಅದ್ದಿದ ಬಟ್ಟೆಯನ್ನು ಮೇಲೆತ್ತಿ ಗಾಳಿಗೆ ಹಿಡಿದರೆ ಹಸಿರು ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಆಮ್ಲಜನಕ ಸೇರಿ ಅಣು ಮತ್ತೆ ಕರಗದ ರೂಪ ತಾಳಿ ಎಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ನೀಲಿಯ ತೊಟ್ಟಿ ತಣ್ಣಗಿರುತ್ತದೆ, ಕೆಂಪಿನ ಹಂಡೆ ಕುದಿಯುತ್ತದೆ. ಗೋಂದಿನ ತಡೆಲೇಪ ತಣ್ಣೀರನ್ನು ತಾಳುತ್ತದೆ, ಕುದಿನೀರನ್ನು ತಾಳುವುದಿಲ್ಲ. ಹಾಗಾಗಿ ನೀಲಿ ಮೊದಲು, ಕೆಂಪು ಆಮೇಲೆ. ಈ ಕ್ರಮವನ್ನು ಯಾರೋ ಒಬ್ಬರು ಕೂತು ಲೆಕ್ಕ ಹಾಕಿದ್ದಲ್ಲ; ಎಷ್ಟೋ ಹಾಳಾದ ಬಟ್ಟೆಗಳು ಕಲಿಸಿದ್ದು.

ನೀಲಿಯ ನಂತರ ಹರಿಯುವ ನೀರಿನಲ್ಲಿ ಜಾಲಾಡುವ ಹಂತ. ಲೇಪಗಳು, ಅಂಟದೆ ಉಳಿದ ಕಬ್ಬಿಣ, ಹೆಚ್ಚಾದ ಪಟಿಕ ಎಲ್ಲವೂ ಇಲ್ಲಿ ಬಿಟ್ಟುಕೊಳ್ಳಬೇಕು. ನಿಂತ ನೀರಾದರೆ ಬಿಟ್ಟುಕೊಂಡ ಲೋಹ ಪಕ್ಕದ ಬಿಳಿಗೆರೆಯ ಮೇಲೆ ಮತ್ತೆ ಕೂರುತ್ತದೆ. ಹರಿವ ನೀರು ಅದನ್ನು ಒಯ್ದುಬಿಡುತ್ತದೆ. ಕೊನೆಗೆ ಮಂಜಿಷ್ಠದ ಜಾತಿಯ ಬೇರುಗಳ ಬಣ್ಣದಲ್ಲಿ, ಅಥವಾ ಆ ಜಾತಿಯ ಕೆಲವು ಬೇರುಗಳಲ್ಲಿರುವ ವರ್ಣದ್ರವ್ಯವಾದ ಅಲಿಜರಿನ್‌ನಲ್ಲಿ, ಬಟ್ಟೆಯನ್ನು ಕುದಿಸುತ್ತಾರೆ. ಒಂದೇ ಹಂಡೆ, ಒಂದೇ ಬಣ್ಣದ ನೀರು. ಪಟಿಕವಿದ್ದಲ್ಲಿ ಕೆಂಪು ಏಳುತ್ತದೆ, ಕಬ್ಬಿಣವಿದ್ದಲ್ಲಿ ಕಪ್ಪು ಇನ್ನಷ್ಟು ಗಾಢವಾಗುತ್ತದೆ, ಯಾವ ಲೋಹವೂ ಇಲ್ಲದಲ್ಲಿ ಬಣ್ಣ ನಿಲ್ಲದೆ ತೊಳೆದು ಹೋಗುತ್ತದೆ. ನೀರಿನಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇದ್ದರೆ ಕೆಂಪಿಗೆ ಒಳ್ಳೆಯದು, ಅಲ್ಯೂಮಿನಿಯಂ ಮತ್ತು ಅಲಿಜರಿನ್‌ಗಳ ಬಂಧ ಅದರಿಂದ ಗಟ್ಟಿಯಾಗುತ್ತದೆ. ಬಣ್ಣಗಾರನಿಗೆ ಬೇಕಾದದ್ದು ಶುದ್ಧ ನೀರೇ ಎಂದು ಹೇಳಲಾಗದು. ಗಡಸು ನೀರು ನಡೆಯುತ್ತದೆ, ಕಬ್ಬಿಣದ ನೀರು ನಡೆಯುವುದಿಲ್ಲ. ಕುಡಿಯುವ ನೀರಿನ ಲೀಟರಿಗೆ 0.3 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿದ್ದರೆ ಒಗೆದ ಬಟ್ಟೆಗೆ ಕಲೆ ಹತ್ತಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಅದು ಬರೀ ಬಟ್ಟೆಯ ಮಾತು. ಅಳಲೆಕಾಯಿ ಕುಡಿದ ಬಟ್ಟೆಯಾದರೆ ಮೈಯಿಡೀ ಬೂದುಬಣ್ಣಕ್ಕೆ ತಿರುಗುತ್ತದೆ, ಕೆಂಪು ಕಂದುಗಟ್ಟುತ್ತದೆ.

ಭೂಕಂಪಕ್ಕೆ ಮುಂಚೆಯೇ ಈ ಕಸುಬು ಒಮ್ಮೆ ಸಾವಿನ ಅಂಚಿಗೆ ಹೋಗಿ ಬಂದಿತ್ತು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಅಲಿಜರಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಅಣುಗಳು ಗಿಡದ್ದೇ ಇರಲಿ ಕಾರ್ಖಾನೆಯದೇ ಇರಲಿ ಒಂದೇ, ಆದ್ದರಿಂದ ಅವುಗಳನ್ನು ಬಳಸಿದ ಮಾತ್ರಕ್ಕೆ ಅಜ್ರಖ್ ಕೆಡಲಿಲ್ಲ, ಇಂದಿಗೂ ಅನೇಕರು ಬಳಸುತ್ತಾರೆ. ನಿಜವಾದ ಪೆಟ್ಟು ಬಿದ್ದದ್ದು ವರ್ಣಬಂಧಕವೇ ಬೇಡವಾದ ದಿಢೀರ್ ರಾಸಾಯನಿಕ ಬಣ್ಣಗಳಿಂದ ಮತ್ತು ಅಗ್ಗದ ಕೃತಕ ನೂಲಿನ ಬಟ್ಟೆಯಿಂದ. ಮಾಲ್ಧಾರಿಗಳು ಅತ್ತ ಸರಿದರು, ಹಂತಗಳು ಒಂದೊಂದಾಗಿ ಬಿಟ್ಟುಹೋದವು. 1970ರ ದಶಕದಲ್ಲಿ ಧಮಡ್ಕಾದ ಮಹಮ್ಮದ್ ಸಿದ್ದಿಕ್ ಖತ್ರಿ ಸಹಜ ಬಣ್ಣಗಳ ವಿಧಾನವನ್ನು ಮತ್ತೆ ಕೈಗೆತ್ತಿಕೊಂಡು ಅಬ್ದುಲ್ ರಜಾಕ್, ಇಸ್ಮಾಯಿಲ್, ಅಬ್ದುಲ್ ಜಬ್ಬಾರ್ ಎಂಬ ತಮ್ಮ ಮೂವರು ಗಂಡುಮಕ್ಕಳಿಗೆ ಪಟ್ಟಾಗಿ ಕಲಿಸಿದರು. ಆ ಹೊತ್ತಿಗೆ ಅದು ಲಾಭದ ದಾರಿಯಾಗಿ ಕಂಡಿರಲಾರದು. ಆದರೆ ಮುಂದಿನದೆಲ್ಲ ನಿಂತದ್ದು ಆ ಹಟದ ಮೇಲೆ. ಎಲ್ಲರೂ ದಿಢೀರ್ ಬಣ್ಣಕ್ಕೆ ಹೋಗಿಬಿಟ್ಟಿದ್ದರೆ 2001ರಲ್ಲಿ ನೀರು ಕೆಟ್ಟದ್ದನ್ನು ಬಟ್ಟೆಯಲ್ಲೇ ಓದಿಕೊಳ್ಳಲು ಬಲ್ಲವರೂ ಉಳಿಯುತ್ತಿರಲಿಲ್ಲ.

ಜನವರಿ 26, 2001ರ ಬೆಳಿಗ್ಗೆ, ಗಣರಾಜ್ಯೋತ್ಸವದ ದಿನ, 7.7 ಪ್ರಮಾಣದ ಭೂಕಂಪ ಕಛ್ ಅನ್ನು ಅಲುಗಾಡಿಸಿತು. ಸುಮಾರು 20,000 ಜನ ಸತ್ತರು. ಭಚಾವ್ ಪಟ್ಟಣ ಬಹುಪಾಲು ನೆಲಸಮವಾಯಿತು. ಅಲ್ಲಿಗೆ ಹತ್ತಿರದ ಧಮಡ್ಕಾದಲ್ಲಿ ಮನೆಗಳು, ಕಾರ್ಯಾಗಾರಗಳು ಉರುಳಿದವು. ಕಛ್‌ನಲ್ಲಿ ನೆಲ ನಡುಗಿದಾಗ ನೀರಿನ ದಾರಿಯೂ ಬದಲಾಗುವುದು ಹೊಸತಲ್ಲ. 1819ರ ಜೂನ್‌ನಲ್ಲಿ ಆದ ಭೂಕಂಪ ಕಛ್‌ನ ಉಪ್ಪುಬಯಲಾದ ರಣ್‌ನಲ್ಲಿ ಅಲ್ಲಾ ಬಂಡ್ ಎಂದು ಜನ ಕರೆದ ಉದ್ದನೆಯ ದಿಬ್ಬವನ್ನೇ ಎಬ್ಬಿಸಿ, ಸಿಂಧೂ ನದಿಯ ಕವಲೊಂದಕ್ಕೆ ಅಡ್ಡ ನಿಲ್ಲಿಸಿತ್ತು. 2001ರಲ್ಲಿ ನೆಲ ಅಂಥ ದಿಬ್ಬವಾಗಿ ಏಳಲಿಲ್ಲ, ಆದರೆ ವಿಶಾಲ ಪ್ರದೇಶದಲ್ಲಿ ಮಣ್ಣಿನ ದ್ರವೀಕರಣ ನಡೆಯಿತು. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳು ಒತ್ತಾಗಿ ಕೂರಲು ಹವಣಿಸುತ್ತವೆ, ನಡುವಿನ ನೀರಿನ ಒತ್ತಡ ಏರುತ್ತದೆ, ಆ ನೀರು ಮರಳನ್ನೂ ಎತ್ತಿಕೊಂಡು ಮೇಲಕ್ಕೆ ಚಿಮ್ಮುತ್ತದೆ. ಒಣಗಿದ್ದ ರಣ್‌ನಲ್ಲಿ ಎಷ್ಟೋ ಕಡೆ ನೀರು ಕಾಣಿಸಿಕೊಂಡದ್ದನ್ನು ಉಪಗ್ರಹಗಳೂ ಕಂಡವು. ಕಣ್ಮರೆಯಾದ ಸರಸ್ವತಿ ಮರಳಿ ಬಂದಳೆಂದು ನಂಬಿದವರೂ ಇದ್ದರು.

ಭೂಮಿಯ ಆಳದಲ್ಲಿ, ಆಮ್ಲಜನಕ ತಲುಪದ ಪದರಗಳಲ್ಲಿ ಕಬ್ಬಿಣ ಕರಗಿದ ರೂಪದಲ್ಲಿರುತ್ತದೆ. ನಡುಕ ಹಳೆಯ ಬಿರುಕುಗಳನ್ನು ಮುಚ್ಚಿ ಹೊಸವನ್ನು ತೆರೆದಾಗ, ಬೇರೆ ಬೇರೆಯಾಗಿದ್ದ ಜಲಪದರಗಳು ಒಂದಕ್ಕೊಂದು ಬೆರೆತಾಗ, ಬಾವಿಯ ನೀರಿನ ರಸಾಯನವೇ ಬದಲಾಗುವುದುಂಟು. ಧಮಡ್ಕಾದ ನದಿ ಅಷ್ಟರಲ್ಲಾಗಲೇ ಬತ್ತಿ ಬಣ್ಣಗಾರರು ಕೊಳವೆಬಾವಿಗಳನ್ನು ನಂಬಿಕೊಂಡಿದ್ದರು. ಭೂಕಂಪದ ನಂತರ ಆ ನೀರಿನಲ್ಲಿ ಕಬ್ಬಿಣ ಹೆಚ್ಚಿತು, ಬಣ್ಣಗಳು ಮಂಕಾದವು. ಕುಡಿಯುವವನ ನಾಲಗೆಗೆ ಅಷ್ಟಾಗಿ ತಿಳಿಯದ ಬದಲಾವಣೆಯನ್ನು ಅಳಲೆಕಾಯಿ ಕುಡಿದ ಬಟ್ಟೆ ಮುಚ್ಚಿಡದೆ ತೋರಿಸಿತು.

ಬಿದ್ದ ಮನೆಯನ್ನು ಬಿದ್ದ ಜಾಗದಲ್ಲೇ ಕಟ್ಟಿಕೊಳ್ಳುವುದು ಸಂತ್ರಸ್ತರ ಸಹಜ ಆಸೆ, ಸರ್ಕಾರಿ ಯೋಜನೆಗಳಿಗೂ ಅದು ಸಲೀಸು. ಖತ್ರಿಗಳಲ್ಲಿ ಹಲವರು ಬೇರೆ ದಾರಿ ಹಿಡಿದರು. ಇಸ್ಮಾಯಿಲ್ ಖತ್ರಿ ಮತ್ತು ಇತರ ಹಿರಿಯರ ಮುಂದಾಳುತನದಲ್ಲಿ ಸಮುದಾಯ ಭುಜ್‌ನ ಪೂರ್ವಕ್ಕೆ, ಪಟ್ಟಣಕ್ಕೆ ಹತ್ತಿರದಲ್ಲೇ, ಬಣ್ಣಕ್ಕೆ ಒದಗುವ ನೀರಿದ್ದ ಕಡೆ ಜಮೀನು ಕೊಂಡಿತು. ಅಲ್ಲಿ ಎದ್ದ ಊರಿಗೆ ಅಜ್ರಖ್‌ಪುರ ಎಂದು ಹೆಸರಿಟ್ಟರು. ಮನೆಗಳ ಜೊತೆಗೆ ಉದ್ದನೆಯ ಅಚ್ಚುಮೇಜುಗಳ ಚಪ್ಪರಗಳು, ಒಗೆಯುವ ತೊಟ್ಟಿಗಳು, ಬಟ್ಟೆ ಹರಡಲು ಬಯಲು ಇವೆಲ್ಲ ಊರಿನ ನಕ್ಷೆಯೊಳಗೇ ಬಂದವು. ಎಲ್ಲರೂ ಹೊರಟುಬರಲಿಲ್ಲ. ಧಮಡ್ಕಾದಲ್ಲಿ ಉಳಿದ ಮನೆತನಗಳು ಅಲ್ಲಿಯೇ ಕೆಲಸ ಮುಂದುವರಿಸಿದವು, ಇಂದು ಎರಡೂ ಊರುಗಳಲ್ಲಿ ಅಜ್ರಖ್ ನಡೆಯುತ್ತದೆ. ಬಿಟ್ಟುಹೋದವರದು ಧೈರ್ಯ, ಉಳಿದವರದು ಮೊಂಡುತನ ಎಂದು ತೀರ್ಪು ಕೊಡುವುದು ದೂರದಲ್ಲಿರುವವರ ಚಪಲವಷ್ಟೆ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಇಸ್ಮಾಯಿಲ್ ಖತ್ರಿಯವರಿಗೆ ಗೌರವ ಡಾಕ್ಟರೇಟ್ ನೀಡಿತು. ಮನೆಗಳು ಇನ್ನೂ ಏಳುತ್ತಿದ್ದ ಕಾಲದಲ್ಲಿ ಬಂದ ಆ ಮನ್ನಣೆ ಒಬ್ಬರಿಗೆ ಸಂದದ್ದಾದರೂ ಊರಿಗೆ ಸಂದಂತಾಯಿತು.

ಕಲೆ ಮತ್ತು ಭರವಸೆಯ ಆ ಮೊದಲ ಮಾತಿಗೆ ಮರಳೋಣ. ವಿಪತ್ತಿನ ನಂತರ ಜನರ ಮನಸ್ಸು ಚೇತರಿಸಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಸ್ಟೀವನ್ ಹಾಬ್‌ಫಾಲ್ ಮತ್ತು ಸಂಗಡಿಗರು 2007ರಲ್ಲಿ ಐದು ಅಂಶಗಳನ್ನು ಮುಂದಿಟ್ಟರು: ಸುರಕ್ಷಿತರೆಂಬ ಭಾವ, ಶಾಂತಿ, ತನ್ನ ಮತ್ತು ತನ್ನವರ ಕೈಯಲ್ಲಿ ಆಗುತ್ತದೆಂಬ ನಂಬಿಕೆ, ನಂಟು, ಭರವಸೆ. ಮೂರನೆಯದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಸ್ವಸಾಮರ್ಥ್ಯ ಎಂದು ಕರೆದು ದಶಕಗಳ ಕಾಲ ಪರಿಶೀಲಿಸಿದ್ದರು. ಅದು ಹುರಿದುಂಬಿಸುವ ಮಾತಿನಿಂದ ಬರುವುದು ಕಡಿಮೆ, ಕೈಯಾರೆ ಮಾಡಿ ಗೆದ್ದ ಅನುಭವದಿಂದ ಬರುವುದೇ ಹೆಚ್ಚು ಎಂಬುದು ಅವರ ಮುಖ್ಯ ಪ್ರತಿಪಾದನೆ. ಕಲೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಹೊರತಂದ ವರದಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ಅವೆಲ್ಲ ಒಂದೇ ತೂಕದವಲ್ಲ, ಹಾಡು ಕುಣಿತ ಚಿತ್ರಗಳೆಲ್ಲ ಒಂದೇ ರೀತಿ ಕೆಲಸ ಮಾಡುತ್ತವೆ ಎಂದೂ ಅದರಿಂದ ಸಿದ್ಧವಾಗುವುದಿಲ್ಲ.

ಅಜ್ರಖ್‌ಗೆ ಆ ಐದು ಅಂಶಗಳ ಚೌಕಟ್ಟು ಹೊಂದುವುದು ಅದರ ಕೆಲಸದ ಸ್ವರೂಪದಿಂದ. ಒಂದು ಬಟ್ಟೆ ಮುಗಿಯಲು ಹದಿನೈದರ ಆಸುಪಾಸಿನ ಹಂತಗಳು, ವಾರಗಳ ಅವಧಿ. ಪ್ರತಿ ಹಂತಕ್ಕೂ ಸರಿ ತಪ್ಪು ಇದೆ, ಅದನ್ನು ಬಟ್ಟೆಯೇ ಹೇಳುತ್ತದೆ, ಯಾರ ಅನುಕಂಪವೂ ಅದನ್ನು ತಿದ್ದಲಾರದು. ಒಗೆಯುವವರು, ಅಚ್ಚೊತ್ತುವವರು, ನೀಲಿಯ ತೊಟ್ಟಿ ನೋಡಿಕೊಳ್ಳುವವರು ಒಬ್ಬರನ್ನೊಬ್ಬರು ಬಿಟ್ಟು ಸಾಗುವಂತಿಲ್ಲ. ಎಲ್ಲವನ್ನೂ ಕಳೆದುಕೊಂಡವನಿಗೆ ಮುಂದಿನ ವರ್ಷದ ಬಗ್ಗೆ ಏನೂ ಗೊತ್ತಿರಲಿಕ್ಕಿಲ್ಲ. ಹುದುಗುತ್ತಿರುವ ಕಬ್ಬಿಣದ ರಸ ಇನ್ನೆಷ್ಟು ದಿನಕ್ಕೆ ಹದಕ್ಕೆ ಬರುತ್ತದೆ ಎಂಬುದು ಗೊತ್ತಿರುತ್ತದೆ. ಪರಿಹಾರ ಶಿಬಿರಗಳಲ್ಲಿ ಮಕ್ಕಳ ಕೈಗೆ ಬಣ್ಣದ ಪೆನ್ಸಿಲು ಕೊಡುವ ಒಳ್ಳೆಯ ಮನಸ್ಸಿನ ಕಾರ್ಯಕ್ರಮಗಳಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ಕಲೆ ಹೊರಗಿನಿಂದ ಬಂದ ಸಾಂತ್ವನ. ಇಲ್ಲಿ ಅದು ಹೊಟ್ಟೆಪಾಡು, ಆಸ್ತಿ, ನೆನಪು ಮೂರೂ ಆಗಿತ್ತು, ಕಟ್ಟಡದ ಜೊತೆ ಕುಸಿಯದೆ ಉಳಿದ ಆಸ್ತಿ ಅದೊಂದೇ.

ಭೂಕಂಪದ ನಂತರದ ವರ್ಷಗಳಲ್ಲಿ ಸುತ್ತಲಿನ ಊರುಗಳಲ್ಲೂ ಹೊಸ ಏರ್ಪಾಡುಗಳು ಹುಟ್ಟಿದವು. ಕುಕ್ಮಾದಲ್ಲಿ 2005ರಲ್ಲಿ ಶುರುವಾದ ಖಮೀರ್ ಸಂಸ್ಥೆ, ಮಳೆಯಾಶ್ರಯದಲ್ಲಿ ಬೆಳೆಯುವ ಕಾಲಾ ಹತ್ತಿ ಎಂಬ ನಾಟಿ ತಳಿಯನ್ನು ಮತ್ತೆ ಮಗ್ಗಕ್ಕೆ ತಂದಿತು. ಅದು ಧಾರವಾಡ ಸೀಮೆಯ ಜಯಧರ್ ಹತ್ತಿಯ ಕುಲದ್ದೇ, ಗಿಡ್ಡನೆಯ ಎಳೆ, ಕಡಿಮೆ ನೀರಿನ ಬೆಳೆ. ಅದೇ ವರ್ಷ ಜೂಡಿ ಫ್ರೇಟರ್ ಆರಂಭಿಸಿದ ಕಲಾ ರಕ್ಷಾ ವಿದ್ಯಾಲಯ ಕುಶಲಕರ್ಮಿಗಳಿಗೇ ವಿನ್ಯಾಸ ಕಲಿಸುವ ಶಾಲೆ. ನಗರದ ವಿನ್ಯಾಸಗಾರ ಹೇಳಿದ್ದನ್ನು ಕರ್ಮಿ ಒತ್ತಿಕೊಡುವ ಪದ್ಧತಿಗೆ ಪ್ರತಿಯಾಗಿ, ಹಳೆಯ ಜಾಲದೊಳಗೆ ಎಲ್ಲಿ ಖಾಲಿ ಬಿಡಬೇಕು, ಯಾವ ಅಚ್ಚನ್ನು ಓರೆಯಾಗಿ ಕೂರಿಸಬೇಕು ಎಂಬ ತೀರ್ಮಾನವನ್ನು ಒತ್ತುವವನಿಗೇ ಬಿಟ್ಟ ಶಿಕ್ಷಣ ಅದು. ಅಜ್ರಖ್ ಹತ್ತಿಯಿಂದ ರೇಷ್ಮೆಗೆ, ಉಣ್ಣೆಗೆ ದಾಟಿತು. ದಾಳಿಂಬೆ ಸಿಪ್ಪೆ, ಅರಿಸಿನ, ಅರಗು ಹೊಸ ಛಾಯೆಗಳನ್ನು ತಂದವು. ಮಾಲ್ಧಾರಿಯ ಹೆಗಲ ವಸ್ತ್ರ ಬೆಂಗಳೂರಿನ ಅಂಗಡಿಗಳಲ್ಲಿ ಸೀರೆಯಾಗಿ, ದುಪಟ್ಟಾ ಆಗಿ ಮಾರಾಟಕ್ಕಿದೆ. 2016ರಲ್ಲಿ ಅಜ್ರಖ್‌ಪುರದಲ್ಲೇ ಶ್ರುಜನ್ ಸಂಸ್ಥೆಯ ಕರಕುಶಲ ವಸ್ತುಸಂಗ್ರಹಾಲಯವೂ ತೆರೆಯಿತು.

ಬೇಡಿಕೆ ಬೆಳೆದಂತೆ ಅದರ ಖರ್ಚೂ ಬೆಳೆದಿದೆ. ಪ್ರತಿ ಬಟ್ಟೆಗೂ ಹಲವು ಬಾರಿ ಜಾಲಾಡುವ ನೀರು ಬೇಕು, ಕಛ್‌ನಂಥ ಒಣನಾಡಿನಲ್ಲಿ ಅದು ಕೊಳವೆಬಾವಿಯಿಂದಲೇ ಬರಬೇಕು. ಅಜ್ರಖ್‌ಪುರದಲ್ಲೂ ಅಂತರ್ಜಲ ಇಳಿಯುವ ಚಿಂತೆ, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ಪ್ರಯತ್ನ ಎರಡೂ ಇವೆ. ಇನ್ನೊಂದು ಕಡೆ, ಯಂತ್ರದಲ್ಲಿ ನಿಮಿಷಗಳಲ್ಲಿ ಒತ್ತಿದ ನಕಲಿ ಅಜ್ರಖ್ ಕಾಲು ಬೆಲೆಗೂ ಕಡಿಮೆಗೆ ಸಿಗುತ್ತದೆ. ಅದರಲ್ಲಿ ಅಳಲೆಕಾಯಿಯೂ ಇಲ್ಲ, ಕಬ್ಬಿಣವೂ ಇಲ್ಲ, ಹಿಂಬದಿ ತಿರುಗಿಸಿ ನೋಡಿದರೆ ಬಹಳ ಸಲ ಬಣ್ಣವೂ ಇರುವುದಿಲ್ಲ. ಅಚ್ಚುಗಳ ವಿಷಯವಂತೂ ಕಛ್‌ನ ಕೈಯಲ್ಲೇ ಇಲ್ಲ. ತೇಗದ ಮೇಲೆ ಆ ನುಣುಪು ಗೆರೆಗಳನ್ನು ಕೊರೆಯುವವರಲ್ಲಿ ಹೆಸರಾದವರು ಗಾಂಧಿನಗರದ ಬಳಿಯ ಪೇಥಾಪುರದವರು. ಹಿಂದೆ ಊರಿಡೀ ನಡೆಯುತ್ತಿದ್ದ ಆ ಕಸುಬು ಈಗ ಕೆಲವೇ ಮನೆಗಳಲ್ಲಿ ಉಳಿದಿದೆ, ಆ ಮನೆಗಳ ಉಳಿಗಳಿಗೆ ಕೆಲಸ ಕೊಡುತ್ತಿರುವ ಗಿರಾಕಿಗಳಲ್ಲಿ ಅಜ್ರಖ್‌ಪುರ ಮತ್ತು ಧಮಡ್ಕಾದ ಖತ್ರಿಗಳೂ ಇದ್ದಾರೆ.